ಕೊಳ ಕೌನ್ಸಿಲ್‌ನದು, ಕಂಪನಿಯೂ ಕೌನ್ಸಿಲ್‌ನದು: ನಮ್ಮೂರ ಈಜುಕೊಳದ ಬಗ್ಗೆ

ಇಂಗ್ಲೆಂಡಿಗೆ ಹೊಸದಾಗಿ ಬಂದ ಕನ್ನಡದ ಕುಟುಂಬಗಳು ಮನೆ, ಶಾಲೆ ಗೊತ್ತಾದ ಮೇಲೆ ಸಾಮಾನ್ಯವಾಗಿ ನನ್ನನ್ನು ಕೇಳುವುದು ಮಕ್ಕಳಿಗೆ ಈಜು ಎಲ್ಲಿ ಕಲಿಸಬೇಕು ಎಂದು. ದುಬಾರಿ ಖಾಸಗಿ ಕ್ಲಬ್ ಬೇಡ, ಕೌನ್ಸಿಲ್‌ನ, ಅಂದರೆ ಊರಿನ ಸ್ಥಳೀಯ ಆಡಳಿತದ, ಕೊಳಕ್ಕೇ ಸೇರಿಸಿ ಎನ್ನುತ್ತೇನೆ. ಹಾಗೆ ಹೇಳುವಾಗಲೇ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಆ ಕೊಳವನ್ನು ನಡೆಸುತ್ತಿರುವವರು ಯಾರು, ಯಾವ ಗುತ್ತಿಗೆಯ ಮೇಲೆ, ರಿಪೇರಿ ಯಾರ ಹೊಣೆ ಎಂದು ತಿಳಿದುಕೊಳ್ಳಿ. ಇದೇಕೆ ಮುಖ್ಯ ಎನ್ನುವುದನ್ನು ನಮ್ಮೂರ ಕೊಳದ ಉದಾಹರಣೆಯಿಂದಲೇ ಬರೆಯುತ್ತಿದ್ದೇನೆ. ದೂರುಗಳೂ ಇರುವುದರಿಂದ ಊರಿನ ಹೆಸರು ಹಾಕುತ್ತಿಲ್ಲ. ಉತ್ತರ ಇಂಗ್ಲೆಂಡಿನ ಮಧ್ಯಮ ಗಾತ್ರದ ಒಂದು ಊರು ಎಂದುಕೊಂಡರೆ ಸಾಕು. ನಾನು ಇಲ್ಲಿನ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಮಕ್ಕಳು ಈಜು ಕಲಿತದ್ದು ಈ ಕೊಳದಲ್ಲಿ, ನನ್ನ ರೋಗಿಗಳನ್ನು ಕಳುಹಿಸುವುದೂ ಇಲ್ಲಿಗೇ.

ಕಟ್ಟಡ ಹಳೆಯದು, 1970ರ ದಶಕದ್ದು. ಇಪ್ಪತ್ತೈದು ಮೀಟರಿನ ಆರು ಸಾಲಿನ ದೊಡ್ಡ ಕೊಳ, ಪಕ್ಕದಲ್ಲಿ ಸೊಂಟದೆತ್ತರ ನೀರಿನ ಕಲಿಕೆಯ ಕೊಳ, ನಾಲ್ಕು ಬ್ಯಾಡ್ಮಿಂಟನ್ ಅಂಕಣಗಳಿರುವ ಸಭಾಂಗಣ, ಮೇಲಿನ ಮಹಡಿಯಲ್ಲಿ ಜಿಮ್. ಜಿಮ್ ಸಾಧಾರಣ. ಕೆಫೆಯ ಕಾಫಿಯನ್ನು ಕುಡಿಯುವ ಅಗತ್ಯವಿಲ್ಲ.

ಮೊದಲು ಈಜು ಪಾಠ, ಏಕೆಂದರೆ ಇಲ್ಲಿನ ಅತ್ಯುತ್ತಮ ಸೇವೆ ಅದೇ. ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಪ್ರತಿ ಮಗುವೂ ಕನಿಷ್ಠ 25 ಮೀಟರ್ ಈಜಬೇಕು, ನೀರಿನಲ್ಲಿ ಅಪಾಯ ಎದುರಾದರೆ ತನ್ನನ್ನು ತಾನು ಉಳಿಸಿಕೊಳ್ಳಲು ಕಲಿತಿರಬೇಕು ಎಂದು ಇಂಗ್ಲೆಂಡಿನ ಪಠ್ಯಕ್ರಮ ಹೇಳುತ್ತದೆ. ಶಾಲೆಯವರು ಕರೆದೊಯ್ಯುವ ಕೆಲವೇ ತರಗತಿಗಳಲ್ಲಿ ಅಷ್ಟು ಬರುವುದಿಲ್ಲ. ಇಲ್ಲಿ ಸ್ವಿಮ್ ಇಂಗ್ಲೆಂಡ್ ಸಂಸ್ಥೆಯ ಹಂತಗಳ ಪ್ರಕಾರ ವಾರಕ್ಕೆ ಅರ್ಧ ಗಂಟೆ ಪಾಠ, ಶುಲ್ಕ ತಿಂಗಳಿಗೊಮ್ಮೆ ಬ್ಯಾಂಕಿನಿಂದಲೇ ಕಡಿತವಾಗುತ್ತದೆ. ನನ್ನ ಕಿರಿಯ ಮಗಳಿಗೆ ನೀರೆಂದರೆ ವಿಪರೀತ ಹೆದರಿಕೆ. ಅವಳ ಶಿಕ್ಷಕಿ ಮೊದಲ ಕೆಲವು ವಾರ ಈಜಿನ ಮಾತೇ ಎತ್ತಲಿಲ್ಲ. ಹೂವಿಗೆ ನೀರು ಹಾಕುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅವಳ ಕೈಗೆ ಕೊಟ್ಟು, ಮೊದಲು ಶಿಕ್ಷಕಿಯ ತಲೆಗೆ, ಆಮೇಲೆ ತನ್ನ ಭುಜಕ್ಕೆ, ಆಮೇಲೆ ತನ್ನ ಕೆನ್ನೆಗೆ ಸುರಿದುಕೊಳ್ಳುವಂತೆ ಮಾಡಿದರು. ಒಂದು ದಿನ ಹುಡುಗಿ ತಾನಾಗಿಯೇ ಕಣ್ಣು ಮುಚ್ಚಿ ನೆತ್ತಿಯ ಮೇಲೆ ಸುರಿದುಕೊಂಡಳು, ಮರುವಾರವೇ ನೀರಿನೊಳಗೆ ಮುಖ ಇಟ್ಟು ಗುಳ್ಳೆ ಬಿಟ್ಟಳು. ಅವಸರವಿಲ್ಲ, ಗದರಿಕೆಯಿಲ್ಲ. ನಾನು ದಿನವೂ ಭಯಪಟ್ಟ ದೇಹಗಳೊಂದಿಗೆ ಕೆಲಸ ಮಾಡುವವಳು. ಇಂಥ ತಾಳ್ಮೆ ಎಷ್ಟು ಅಪರೂಪ ಎಂದು ನನಗೆ ಗೊತ್ತು.

ನನಗೆ ಇದು ಮನಸ್ಸಿಗೆ ಹತ್ತಿರದ ವಿಷಯವಾಗಲು ಇನ್ನೊಂದು ಕಾರಣವಿದೆ. ನಾನು ಬೆಳೆದದ್ದು ತೀರ್ಥಹಳ್ಳಿಯಲ್ಲಿ, ತುಂಗೆಯ ದಡದಲ್ಲಿ. ಅಣ್ಣಂದಿರು ಬೆನ್ನಿಗೆ ಲಾರಿಯ ಹಳೆಯ ಟ್ಯೂಬ್ ಕಟ್ಟಿಕೊಂಡು ಬೇಸಿಗೆಯಿಡೀ ಹೊಳೆಯಲ್ಲಿ ಬಿದ್ದಿರುತ್ತಿದ್ದರು. ಹೆಣ್ಣುಮಕ್ಕಳು ದಡದಲ್ಲಿ ಬಟ್ಟೆ ಕಾಯುತ್ತಿದ್ದೆವು. ಅಮ್ಮ ಕೂಡ ಅಷ್ಟೇ, ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ತುಂಗೆಯಲ್ಲಿ ಮುಳುಗು ಹಾಕಿದ್ದು ಬಿಟ್ಟರೆ ಮೊಣಕಾಲು ಮೀರಿದ ನೀರಿಗೆ ಇಳಿದವಳಲ್ಲ. ಹೋದ ಬೇಸಿಗೆಯಲ್ಲಿ ಅವಳು ನಮ್ಮಲ್ಲಿಗೆ ಬಂದಾಗ ಮಂಡಿನೋವು ಜೋರಾಗಿತ್ತು. ಇಲ್ಲಿ ವಾರಕ್ಕೊಮ್ಮೆ ಸಂಜೆ ಹೆಂಗಸರಿಗೆ ಮಾತ್ರ ಮೀಸಲಾದ ಸಮಯವಿದೆ: ಜೀವರಕ್ಷಕರೂ ಹೆಂಗಸರೇ, ನೋಡುಗರ ಗ್ಯಾಲರಿಯ ಗಾಜಿಗೆ ಪರದೆ ಎಳೆಯುತ್ತಾರೆ, ಪೂರ್ಣ ತೋಳಿನ ಈಜು ಉಡುಪು ತೊಟ್ಟರೂ ಯಾರೂ ತಿರುಗಿ ನೋಡುವುದಿಲ್ಲ. ಅರವತ್ತು ದಾಟಿದವರಿಗೆ ರಿಯಾಯಿತಿ. ಅಮ್ಮ ಬೆಚ್ಚಗಿನ ನೀರಿನಲ್ಲಿ ಕಂಬಿ ಹಿಡಿದು ನಡೆಯಲು ಕಲಿತಳು, ಕೊನೆಕೊನೆಗೆ ಪಂಜಾಬಿನ ಒಬ್ಬ ಅಜ್ಜಿಯ ಕೈ ಹಿಡಿದು ಕೊಳದ ಅಗಲವನ್ನು ದಾಟುತ್ತಿದ್ದಳು. ಲಾಭವೊಂದನ್ನೇ ನೋಡುವವರು ಸಂಜೆಯ ಬೇಡಿಕೆಯ ಹೊತ್ತನ್ನು ಇಂಥದ್ದಕ್ಕೆ ಬಿಟ್ಟುಕೊಡುವುದು ಕಷ್ಟ. ಇಲ್ಲಿ ಅದು ಗುತ್ತಿಗೆಯ ಷರತ್ತಿನಲ್ಲೇ ಇದೆ ಎಂದು ಆಮೇಲೆ ತಿಳಿಯಿತು.

ಸಭಾಂಗಣದ ಬಗ್ಗೆಯೂ ಒಳ್ಳೆಯ ಮಾತೇ. ಭಾನುವಾರ ಬೆಳಿಗ್ಗೆ ಬ್ಯಾಡ್ಮಿಂಟನ್ ಆಡುವವರಲ್ಲಿ ಅರ್ಧದಷ್ಟು ನಮ್ಮವರೇ. ಆ್ಯಪ್‌ನಲ್ಲಿ ಒಂದು ವಾರ ಮೊದಲು ಬುಕಿಂಗ್ ತೆರೆಯುತ್ತದೆ, ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ರಾಜ್ಯೋತ್ಸವಕ್ಕೆ ಇದೇ ಸಭಾಂಗಣವನ್ನು ಬಾಡಿಗೆಗೆ ಹಿಡಿಯುತ್ತೇವೆ. ಒಳಗೆ ಅಡುಗೆ ಮಾಡುವಂತಿಲ್ಲ, ಪುಳಿಯೋಗರೆ, ಮೊಸರನ್ನ ಮನೆಯಿಂದ ತರಬಹುದು. ನೆಲದ ಮರ ಹಾಳಾಗದಂತೆ ಹಾಸು ಹಾಕಿಕೊಡುತ್ತಾರೆ, ಅದಕ್ಕೆ ಪ್ರತ್ಯೇಕ ಹಣ ಕೇಳುವುದಿಲ್ಲ.

ಇನ್ನು ದೂರು. ಒಂದು ಚಳಿಗಾಲದಲ್ಲಿ ಕಲಿಕೆಯ ಕೊಳದ ನೀರನ್ನು ಕಾಯಿಸುವ ವ್ಯವಸ್ಥೆ ಕೆಟ್ಟುಹೋಯಿತು. ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದರು: ತಾಂತ್ರಿಕ ಕಾರಣ, ಮುಂದಿನ ಸೂಚನೆಯವರೆಗೆ ಮುಚ್ಚಿದೆ. ದೊಡ್ಡ ಕೊಳದ ನೀರು 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಈಜುವವರಿಗೆ ಅದು ಸರಿ. ನಿಂತು ಪಾಠ ಕೇಳುವ ಐದು ವರ್ಷದ ಮಗುವಿಗೂ ಹೊಸದಾಗಿ ಮಂಡಿ ಬದಲಾಯಿಸಿಕೊಂಡ ಎಪ್ಪತ್ತರ ಮುದುಕನಿಗೂ ಇನ್ನೆರಡು ಮೂರು ಡಿಗ್ರಿ ಹೆಚ್ಚು ಬೇಕು. ಹೆಚ್ಚುಕಡಿಮೆ ಶಾಲಾ ವರ್ಷದ ಒಂದು ಟರ್ಮ್ ಇಡೀ ಹೀಗೆ ಕಳೆಯಿತು. ಕೌಂಟರಿನಲ್ಲಿ ಕೇಳಿದರೆ, ಕಟ್ಟಡ ಕೌನ್ಸಿಲ್‌ನದು, ಅವರು ಮಾಡಿಸಬೇಕು ಎನ್ನುತ್ತಿದ್ದರು. ಕೌನ್ಸಿಲ್‌ಗೆ ಫೋನ್ ಮಾಡಿದರೆ, ಕೊಳ ನಡೆಸುವುದು ಕಂಪನಿ, ಅವರನ್ನೇ ಕೇಳಿ ಎನ್ನುತ್ತಿದ್ದರು. ಆ ಕಂಪನಿಯ ನೂರಕ್ಕೆ ನೂರು ಷೇರು ಇದೇ ಕೌನ್ಸಿಲ್‌ನ ಕೈಯಲ್ಲಿದೆ! ಮನೆಯ ಮಾಲೀಕನೂ ಬಾಡಿಗೆದಾರನೂ ಒಂದೇ ಮನೆತನದವರಾಗಿದ್ದು, ಸೋರುವ ಹೆಂಚನ್ನು ಯಾರೂ ಬದಲಾಯಿಸದೆ ಇದ್ದಂತಾಯಿತು. ನನ್ನ ರೋಗಿಗಳಲ್ಲಿ ಕೆಲವರು ಆ ಚಳಿಗಾಲದಲ್ಲಿ ವ್ಯಾಯಾಮ ಬಿಟ್ಟವರು ಮತ್ತೆ ಶುರುಮಾಡಲೇ ಇಲ್ಲ. ಇದನ್ನು ಸಣ್ಣ ವಿಷಯವೆಂದು ಒಪ್ಪಲು ನಾನು ಸಿದ್ಧಳಿಲ್ಲ.

ಈ ಏರ್ಪಾಡು ಏಕೆ ಹೀಗಿದೆ ಎಂದು ತಿಳಿಯಲು ಕೌನ್ಸಿಲ್‌ನ ಸಚಿವ ಸಂಪುಟದಂಥ ಸಮಿತಿಯ ಕಡತಗಳನ್ನು ಓದಲು ಕುಳಿತೆ. ಅವು ಜಾಲತಾಣದಲ್ಲೇ ಸಿಗುತ್ತವೆ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಕಸ ಎತ್ತಿಸಲೇಬೇಕು, 1964ರ ಕಾಯ್ದೆಯಂತೆ ಗ್ರಂಥಾಲಯ ಸೇವೆ ಕೊಡಲೇಬೇಕು. ಈಜುಕೊಳ ನಡೆಸಲೇಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ಹಣ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ. ನಮ್ಮಲ್ಲಿ ಮೊದಲು ಒಂದು ಟ್ರಸ್ಟ್ ನಡೆಸುತ್ತಿತ್ತು, ಕೋವಿಡ್ ಕಾಲದ ಬಾಗಿಲು ಮುಚ್ಚುವಿಕೆಯಿಂದ ಅದು ಚೇತರಿಸಿಕೊಳ್ಳಲಿಲ್ಲ. ಆಗ ಕೌನ್ಸಿಲ್ ತನ್ನದೇ ವ್ಯಾಪಾರಿ ಕಂಪನಿಯನ್ನು ಕಟ್ಟಿ ಕಟ್ಟಡವನ್ನು ಅದಕ್ಕೆ ಗುತ್ತಿಗೆಗೆ ಕೊಟ್ಟಿತು. 2011ರ ಲೋಕಲಿಸಂ ಕಾಯ್ದೆ ಕೌನ್ಸಿಲ್‌ಗಳಿಗೆ ಕೊಟ್ಟ ಸಾಮಾನ್ಯ ಅಧಿಕಾರವನ್ನು ಬಳಸಿ ಲಾಭದ ಉದ್ದೇಶದಿಂದ ಏನಾದರೂ ಮಾಡುವುದಾದರೆ ಕಂಪನಿಯ ಮೂಲಕವೇ ಮಾಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ.

ಟೆಂಡರ್ ಕರೆಯದೆ ತನ್ನ ಕಂಪನಿಗೇ ಕೆಲಸ ಕೊಡಬಹುದೇ? ಕೊಡಬಹುದು. ಇದರ ಮೂಲ ಇಟಲಿಯ ವಿಯಾನೊ ಎಂಬ ಸಣ್ಣ ಊರಿನಲ್ಲಿದೆ. ಅಲ್ಲಿನ ಪುರಸಭೆ ತನ್ನ ಕಟ್ಟಡಗಳನ್ನು ಬೆಚ್ಚಗಿಡುವ ಕೆಲಸವನ್ನು ಟೆಂಡರ್ ಇಲ್ಲದೆ ಪುರಸಭೆಗಳ ಒಂದು ಒಕ್ಕೂಟಕ್ಕೆ ಕೊಟ್ಟಾಗ ಟೆಕಲ್ ಎಂಬ ಖಾಸಗಿ ಸಂಸ್ಥೆ ದಾವೆ ಹೂಡಿತು. 1999ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನ ಸಾರವಿಷ್ಟು: ತನ್ನ ಇಲಾಖೆಯ ಮೇಲಿರುವಂಥದ್ದೇ ಹಿಡಿತ ಆ ಸಂಸ್ಥೆಯ ಮೇಲಿದ್ದು, ಸಂಸ್ಥೆಯ ಬಹುಪಾಲು ಕೆಲಸ ಮಾಲೀಕರಿಗಾಗಿಯೇ ನಡೆಯುತ್ತಿದ್ದರೆ ಟೆಂಡರ್ ಬೇಕಿಲ್ಲ. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೂ ಆ ನಿಯಮ ಉಳಿದಿದೆ. 2025ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಹೊಸ ಖರೀದಿ ಕಾಯ್ದೆಯಲ್ಲೂ ಶೇ 80ಕ್ಕಿಂತ ಹೆಚ್ಚು ಕೆಲಸ ಮಾಲೀಕರಿಗಾಗಿ ಇರಬೇಕೆಂಬ ಮಿತಿಯೊಂದಿಗೆ ಅದು ಮುಂದುವರಿದಿದೆ.

ಬಾಡಿಗೆಯ ಮಾತು ಬೇರೆ. 1972ರ ಸ್ಥಳೀಯ ಸರ್ಕಾರ ಕಾಯ್ದೆಯ 123ನೇ ಕಲಮಿನ ಪ್ರಕಾರ, ಏಳು ವರ್ಷಕ್ಕಿಂತ ದೀರ್ಘ ಗುತ್ತಿಗೆ ಕೊಡುವಾಗ ಕೌನ್ಸಿಲ್ ಸಿಗಬಹುದಾದ ಅತ್ಯುತ್ತಮ ಬೆಲೆಯನ್ನು ಪಡೆಯಬೇಕು. ಊರಿನ ಆರ್ಥಿಕ, ಸಾಮಾಜಿಕ ಅಥವಾ ಪರಿಸರದ ಒಳಿತಿಗಾಗಿ ಕಡಿಮೆಗೆ ಕೊಡುವುದಾದರೆ ಆ ಕಡಿತ 20 ಲಕ್ಷ ಪೌಂಡ್ ಮೀರಬಾರದು ಎಂದು 2003ರಲ್ಲಿ ಕೊಟ್ಟ ಸಾಮಾನ್ಯ ಅನುಮತಿ ಹೇಳುತ್ತದೆ. ನಮ್ಮ ಕೊಳದ ಬಾಡಿಗೆ ಹೆಸರಿಗೆ ಮಾತ್ರ. ನನಗದರಲ್ಲಿ ತಕರಾರಿಲ್ಲ. ಹಾಗೆ ಬಿಟ್ಟುಕೊಟ್ಟ ಬಾಡಿಗೆಯೇ ಹೆಂಗಸರ ಸಂಜೆಗೂ ವೃದ್ಧರ ರಿಯಾಯಿತಿಗೂ ಆಧಾರ. ತೆರಿಗೆಯ ಲೆಕ್ಕ ಮಾತ್ರ ಕಂಪನಿಯ ಪರವಾಗಿಲ್ಲ. ಧರ್ಮಾರ್ಥ ಟ್ರಸ್ಟ್ ಆಗಿದ್ದರೆ ವ್ಯಾಪಾರದ ಕಟ್ಟಡಗಳ ಮೇಲಿನ ತೆರಿಗೆಯಲ್ಲಿ ಶೇ 80 ವಿನಾಯಿತಿ ತಾನಾಗಿ ಸಿಗುತ್ತಿತ್ತು. ಇತ್ತ ಕೌನ್ಸಿಲ್ ನೇರವಾಗಿ ನಡೆಸುವ ಕೊಳದ ಶುಲ್ಕಕ್ಕೆ ವ್ಯಾಟ್ ಹಾಕಬೇಕಿಲ್ಲ ಎಂದು ನ್ಯಾಯಾಲಯಗಳಲ್ಲಿ ಸೋತ ಬಳಿಕ ತೆರಿಗೆ ಇಲಾಖೆ 2023ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತು. ಹೀಗಾಗಿ ಕೆಲವು ಕೌನ್ಸಿಲ್‌ಗಳು ನಡೆಸುವವರನ್ನು ತಮ್ಮ ಏಜೆಂಟ್ ಆಗಿ ಮಾತ್ರ ಇಟ್ಟುಕೊಂಡು ಟಿಕೆಟ್ಟನ್ನು ತಮ್ಮ ಹೆಸರಿನಲ್ಲೇ ಮಾರುವ ವ್ಯವಸ್ಥೆಗೆ ಬದಲಾಗುತ್ತಿವೆ. ಅದೇ ತಿಂಗಳ ಬಜೆಟ್‌ನಲ್ಲಿ ಸರ್ಕಾರ ಈಜುಕೊಳಗಳ ವಿದ್ಯುತ್, ಅನಿಲದ ಹೊರೆಗೆಂದು 6.3 ಕೋಟಿ ಪೌಂಡ್ ತೆಗೆದಿಟ್ಟಿತ್ತು. ಕೊಳದ ಭವಿಷ್ಯವನ್ನು ನೀರು ಕಾಯಿಸುವ ಖರ್ಚೇ ತೀರ್ಮಾನಿಸುತ್ತಿರುವ ಕಾಲವಿದು. ಅಂಥ ಹೊತ್ತಿನಲ್ಲಿ ಬಾಯ್ಲರ್ ಯಾರದು ಎಂಬುದು ಗೊತ್ತಿಲ್ಲದೆ ಇರುವುದನ್ನು ಒಪ್ಪಲಾಗದು.

ಗುತ್ತಿಗೆಯ ಪ್ರತಿಯನ್ನು ನೋಡೋಣವೆಂದರೆ ಸಮಿತಿಯ ಕಡತದಲ್ಲಿ ಆ ಅನುಬಂಧವನ್ನು ವ್ಯಾಪಾರ ಗೋಪ್ಯತೆಯ ಹೆಸರಿನಲ್ಲಿ ತಡೆಹಿಡಿದಿದ್ದರು. ಇಲ್ಲಿ ಓದುಗರಿಗೆ ಉಪಯೋಗಕ್ಕೆ ಬರುವ ಮಾತೊಂದಿದೆ. 2000ದ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯ 6ನೇ ಕಲಮಿನಂತೆ, ಸಾರ್ವಜನಿಕ ಸಂಸ್ಥೆಯ ಪೂರ್ಣ ಒಡೆತನದ ಕಂಪನಿಯೂ ಸಾರ್ವಜನಿಕ ಸಂಸ್ಥೆಯೇ. ಖಾಸಗಿ ಗುತ್ತಿಗೆದಾರನನ್ನು ನೇರವಾಗಿ ಕೇಳಲಾಗದ್ದನ್ನು ಕೌನ್ಸಿಲ್‌ನ ಕಂಪನಿಯನ್ನು ಕೇಳಬಹುದು. ಶುಲ್ಕವಿಲ್ಲ, ವಕೀಲರೂ ಬೇಡ, ಒಂದು ಇಮೇಲ್ ಸಾಕು. ಇಪ್ಪತ್ತು ಕೆಲಸದ ದಿನಗಳೊಳಗೆ ಉತ್ತರಿಸಬೇಕು. ಇಡೀ ಗುತ್ತಿಗೆಯನ್ನು ಕೇಳದೆ, ರಿಪೇರಿಯ ಹೊಣೆ ಹಂಚಿದ ಪಟ್ಟಿಯನ್ನಷ್ಟೇ ಕೇಳಿದೆ. ಬಂತು. ಒಂದೂವರೆ ಪುಟ. ಚಾವಣಿ, ಗೋಡೆ, ಕೊಳದ ತೊಟ್ಟಿ ಕೌನ್ಸಿಲ್‌ಗೆ. ಪಂಪು, ಶೋಧಕ, ದಿನನಿತ್ಯದ ನಿರ್ವಹಣೆ ಕಂಪನಿಗೆ. ನೀರು ಕಾಯಿಸುವ ವ್ಯವಸ್ಥೆಯ ಸಾಲಿನಲ್ಲಿ ಎರಡೂ ಕಡೆ ಗುರುತು: ನೋಡಿಕೊಳ್ಳುವುದು ಕಂಪನಿ, ಬದಲಾಯಿಸುವುದು ಕೌನ್ಸಿಲ್. ಇನ್ನು ರಿಪೇರಿ ಸಾಲದು, ಬದಲಾಯಿಸಲೇಬೇಕು ಎಂದು ನಿರ್ಧರಿಸುವವರು ಯಾರು ಎಂದು ಎಲ್ಲೂ ಬರೆದಿರಲಿಲ್ಲ. ಮಕ್ಕಳ ಪಾಠ ನಿಂತದ್ದು ಆ ಒಂದು ಸಾಲಿನಲ್ಲಿ.

ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರ ಪ್ರಶ್ನೆಗೆ ಮೀಸಲಾದ ಸಮಯದಲ್ಲಿ ಇದನ್ನೇ ಓದಿ ಕೇಳಿದೆ. ಕಂಪನಿಯ ನಿರ್ದೇಶಕರೂ ಆಗಿರುವ ಕೌನ್ಸಿಲರ್ ಒಬ್ಬರು ಸಂಬಂಧ ಘೋಷಿಸಿ ಹೊರಗೆ ನಡೆದರು, ಅದು ಸರಿಯಾದ ನಡೆ. ಉತ್ತರ ಕೊಟ್ಟವರು ವಿನಯದಿಂದಲೇ ಕೊಟ್ಟರು: ಮುಂದಿನ ಗುತ್ತಿಗೆಯಲ್ಲಿ ಸ್ವತಂತ್ರ ಎಂಜಿನಿಯರರ ವರದಿಯೇ ಅಂತಿಮ ಎಂದು ಸೇರಿಸುವುದಾಗಿ ಹೇಳಿದರು. ಸೇರಿಸಿದ್ದನ್ನು ಕಣ್ಣಾರೆ ಓದುವವರೆಗೆ ಬಿಡುವುದಿಲ್ಲ. ಕೌನ್ಸಿಲ್‌ನ ಕಂಪನಿ ಎಂದ ಮಾತ್ರಕ್ಕೆ ಭದ್ರ ಎಂದು ಕುಳಿತುಕೊಳ್ಳುವಂತಿಲ್ಲ. ನಾಟಿಂಗ್‌ಹ್ಯಾಮ್ ಕೌನ್ಸಿಲ್‌ 2015ರಲ್ಲಿ ಕಟ್ಟಿದ ರಾಬಿನ್ ಹುಡ್ ಎನರ್ಜಿ ಎಂಬ ವಿದ್ಯುತ್, ಅನಿಲ ಮಾರುವ ಕಂಪನಿ ಕೋಟಿಗಟ್ಟಲೆ ಪೌಂಡ್ ಮುಳುಗಿಸಿ 2020ರಲ್ಲಿ ಮುಚ್ಚಿತು, ಅದನ್ನು ಹೊತ್ತವರು ಆ ಊರಿನ ತೆರಿಗೆದಾರರು.

ಇಷ್ಟೆಲ್ಲ ಆದಮೇಲೂ ಸದಸ್ಯತ್ವ ಬಿಟ್ಟಿಲ್ಲ. ಕಲಿಕೆಯ ಕೊಳ ಈಗ ಬೆಚ್ಚಗಿದೆ, ಶಿಕ್ಷಕಿಯರು ಅವರೇ ಇದ್ದಾರೆ. ಹೊಸದಾಗಿ ಬರುವವರಿಗೆ: ಪಾಠಕ್ಕೆ ಕಾಯುವವರ ಪಟ್ಟಿ ಉದ್ದವಿದೆ, ಮನೆಯ ವಿಳಾಸ ಖಚಿತವಾದ ದಿನವೇ ಹೆಸರು ಕೊಡಿ. ಲಾಕರಿಗೆ ಒಂದು ಪೌಂಡಿನ ನಾಣ್ಯ ಬೇಕು, ಕಾರ್ಡ್ ನಡೆಯುವುದಿಲ್ಲ. ಹೆಂಗಸರ ಸಂಜೆಗೆ ಅಮ್ಮನನ್ನೋ ಅತ್ತೆಯನ್ನೋ ಕರೆತರುವುದಾದರೆ ವಯಸ್ಸಿನ ದಾಖಲೆಗೆ ಪಾಸ್‌ಪೋರ್ಟ್ ತನ್ನಿ, ಒಮ್ಮೆ ತೋರಿಸಿದರೆ ಸಾಕು.