ರೆಡ್ ಆಕ್ಸೈಡ್ ನೆಲದ ಮೇಲೆ ಹಾಗೆಯೇ ಟೈಲ್ಸ್ ಹಾಕಿಸಬೇಡಿ

ತುಮಕೂರಿನ ಹಳೇ ಮನೆಯೊಂದರ ಹಾಲ್. ಮೂವತ್ತು ವರ್ಷದ ರೆಡ್ ಆಕ್ಸೈಡ್ ನೆಲ. ಅದನ್ನು ಮುಟ್ಟದೆ, ಮೇಲೆಯೇ ಸಿಮೆಂಟ್ ಹಾಲು ಸುರಿದು ಎರಡಡಿಯ ವಿಟ್ರಿಫೈಡ್ ಟೈಲ್ಸ್ ಕೂರಿಸಿದ್ದರು. ದೀಪಾವಳಿಗೆ ಕೆಲಸ ಮುಗಿದಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನ ನಡುವಿನ ಸಾಲು ಪಟ್ಟೆಂದು ಗುಡಾರದ ಹಾಗೆ ಎದ್ದು ನಿಂತಿತು. ಎತ್ತಿ ನೋಡಿದರೆ ಟೈಲ್‌ನ ಬೆನ್ನು ತೊಳೆದಿಟ್ಟ ತಟ್ಟೆ. ಕೆಳಗಿನ ಕೆಂಪು ನೆಲವೂ ಮೊದಲಿನಷ್ಟೇ ಮಿರಮಿರ. ನಡುವಿನ ಸಿಮೆಂಟ್ ಮಾತ್ರ ಹಪ್ಪಳದಂತೆ ಬಿಡಿಬಿಡಿಯಾಗಿ ಕೈಗೆ ಬಂತು.

ತಪ್ಪು ಎರಡೂ ಕಡೆ ಇದೆ. ರೆಡ್ ಆಕ್ಸೈಡ್‌ಗೆ ವರ್ಷಗಟ್ಟಲೆ ಕೊಬ್ಬರಿ ಎಣ್ಣೆ, ಮೇಣದ ಪಾಲಿಶ್ ಉಜ್ಜಿರುತ್ತಾರೆ. ಎಣ್ಣೆ ಕುಡಿದ ನೆಲ ಸಿಮೆಂಟನ್ನು ಹಿಡಿಯದು. ವಿಟ್ರಿಫೈಡ್ ಟೈಲ್ ಹೀರುವ ನೀರು ಶೇ 0.5ಕ್ಕಿಂತ ಕಡಿಮೆ, ಸಿಮೆಂಟ್ ಹಾಲು ಅದರೊಳಗೂ ಇಳಿಯದು. ನೆನೆಹಾಕಿ ಕೂರಿಸುವುದೆಲ್ಲ ಹಳೇ ಸೆರಾಮಿಕ್ ಟೈಲ್‌ನ ಪದ್ಧತಿ. ಜೊತೆಗೆ, ಜಾಯಿಂಟ್ ಕಾಣಬಾರದೆಂದು ಸ್ಪೇಸರ್ (ಟೈಲ್‌ಗಳ ನಡುವೆ ಸಂದು ಉಳಿಸುವ ಪುಟ್ಟ ತುಂಡು) ಇಲ್ಲದೆ ಗೋಡೆಗೆ ಒತ್ತಿ ಹಾಕಿದ್ದರು. ಸೆಕೆಗೆ ಹಿಗ್ಗಿದ ಟೈಲ್‌ಗೆ ಸರಿಯಲು ಜಾಗವಿಲ್ಲ, ಮೇಲೇಳಲೇಬೇಕು. 2–3 ಮಿ.ಮೀ. ಸ್ಪೇಸರ್, ಗೋಡೆಗುಂಟ 6 ಮಿ.ಮೀ. ಸಂದು ಬಿಡಿಸಿ, ಗೋಡೆಯ ಸಂದನ್ನು ಸ್ಕರ್ಟಿಂಗ್, ಅಂದರೆ ಗೋಡೆ ಬುಡದ ಪಟ್ಟಿ, ಮುಚ್ಚುತ್ತದೆ.

ನೆಲದ ತಯಾರಿಗೆ ಮೊದಲು ಸುತ್ತಿಗೆಯ ಹಿಡಿಯಿಂದ ಅಡಿಗೊಂದು ಕಡೆ ತಟ್ಟಿ. ಪೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ, ಅಷ್ಟನ್ನೂ ಅಗೆಸಿ 1:4 ಗಾರೆ (ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು) ತುಂಬಿಸಿ. ಅರ್ಧ ನೆಲವೇ ಪೊಳ್ಳಾಗಿದ್ದರೆ ಪೂರ್ತಿ ಕೀಳಿಸುವುದೇ ಅಗ್ಗ. ಗಟ್ಟಿ ಇರುವ ಕಡೆ ಗ್ರೈಂಡರ್‌ಗೆ ಡೈಮಂಡ್ ಕಪ್ ವೀಲ್ ಹಾಕಿ ಕೆಂಪು ಪದರವನ್ನೇ ಕೆರೆಸಬೇಕು. ಉಳಿಯಲ್ಲಿ ಅಲ್ಲೊಂದು ಇಲ್ಲೊಂದು ಕಚ್ಚು ಹೊಡೆದು "ಚಿಪ್ಪಿಂಗ್ ಆಯ್ತು ಸಾರ್" ಅಂದರೆ ಒಪ್ಪಬೇಡಿ. ಒಂದು ಚಮಚ ನೀರು ಚೆಲ್ಲಿ ನೋಡಿ: ಎರಡು ಮೂರು ನಿಮಿಷದಲ್ಲಿ ಹೀರಿ ನೆಲದ ಬಣ್ಣ ಗಾಢವಾದರೆ ಸರಿ, ಕೆಸುವಿನ ಎಲೆಯ ಮೇಲಿನ ಹನಿಯಂತೆ ನಿಂತರೆ ಎಣ್ಣೆ ಇನ್ನೂ ಇದೆ, ಮತ್ತೆ ಕೆರೆಸಿ. ಧೂಳು ಗುಡಿಸಿದರೆ ಸಾಲದು, ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಬೇಕು. ತಗ್ಗುಗಳನ್ನು ಮೊದಲೇ ಗಾರೆಯಿಂದ ಮಟ್ಟ ಮಾಡಿಸಿ. ಗಮ್‌ನಿಂದಲೇ, ಅಂದರೆ ಸಿಮೆಂಟ್ ಹಾಲಿನ ಬದಲು ಬಳಸಬೇಕಾದ ಟೈಲ್ ಅಂಟಿನಿಂದಲೇ, ತುಂಬುತ್ತೇವೆ ಅನ್ನುವವರಿದ್ದಾರೆ, ದಪ್ಪಗೆ ಹಾಕಿದ ಗಮ್ ಒಣಗುತ್ತಾ ಕುಗ್ಗುತ್ತದೆ.

ಗಮ್ ಟೈಲ್ ಅಂಟಿನ ಭಾರತೀಯ ಮಾನಕ ಐಎಸ್ 15477ರ ಟೈಪ್ 2 ಅಥವಾ ಮೇಲಿನದಿರಲಿ. 3 ಮಿ.ಮೀ. ದಪ್ಪಕ್ಕೆ 20 ಕೆ.ಜಿ. ಚೀಲ ಸುಮಾರು 50 ಚದರಡಿಗೆ ಬರುತ್ತದೆ, ದಪ್ಪ ಇಮ್ಮಡಿಯಾದರೆ ಅರ್ಧಕ್ಕೆ ಮುಗಿಯುತ್ತದೆ. ಐದು ಗುಪ್ಪೆ ಇಟ್ಟು ಒತ್ತುವುದು ಬೇಡ. ಹಲ್ಲಿನ ಕರಣೆಯಲ್ಲಿ ನೆಲಕ್ಕೆಲ್ಲ ಎಳೆದು, ಟೈಲ್‌ನ ಬೆನ್ನಿಗೂ ತೆಳ್ಳಗೆ ಸವರಿಸಿ. ಬೇಸಿಗೆಯಲ್ಲಿ ಬೇಗ ಪೊರೆ ಕಟ್ಟುತ್ತದೆ, ಒಂದೆರಡು ಟೈಲ್‌ಗೆ ಬೇಕಾದಷ್ಟೇ ಹರಡಲಿ. ಮೊದಲ ಟೈಲನ್ನು ಹಸಿಯಿದ್ದಾಗಲೇ ಎತ್ತಿಸಿ ನೋಡಿ, ಬೆನ್ನೆಲ್ಲ ಗಮ್ ಮೆತ್ತಿರಬೇಕು.

ಟೈಲ್, ಗಮ್ ಸೇರಿ ನೆಲ ಸುಮಾರು 15 ಮಿ.ಮೀ. ಏರುತ್ತದೆ. ಬಾಗಿಲ ಅಡಿಯನ್ನು ಬಡಗಿಯಿಂದ ಮೊದಲೇ ಕೀಸಿಸಿ. ಆ ಹಾಲ್‌ನಲ್ಲಿ ಅದನ್ನೂ ಮರೆತಿದ್ದರು, ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿತ್ತು.