ಒಂಬತ್ತು ವರ್ಷ ಬಳಸಿದ ಫಿಲಡೆಲ್ಫಿಯಾದ ಮಹಾಗನಿ ಕುರ್ಚಿ

ಪೆನ್ಸಿಲ್ವೇನಿಯಾದ ಹರಾಜೊಂದರಲ್ಲಿ ನಾನು ಈ ಕೈಯಿಲ್ಲದ ಕುರ್ಚಿಯನ್ನು ಕೊಂಡು ಒಂಬತ್ತು ವರ್ಷಗಳಾದವು. 1760–80ರ ನಡುವೆ ಫಿಲಡೆಲ್ಫಿಯಾದಲ್ಲಿ ತಯಾರಾದ, ಲಂಡನ್ನಿನ ಬಡಗಿಯೊಬ್ಬನ ಹೆಸರು ಹೊತ್ತ ಚಿಪೆಂಡೇಲ್ ಶೈಲಿಯ ಕುರ್ಚಿ ಎಂದು ಮಾರಿದವರು ಹೇಳಿದ್ದರು. 1876ರಲ್ಲಿ ನಡೆದ ಅಮೆರಿಕದ ಸ್ವಾತಂತ್ರ್ಯದ ಶತಮಾನೋತ್ಸವದ ವಸ್ತುಪ್ರದರ್ಶನದ ಆಸುಪಾಸಿನಲ್ಲಿ ಹಳೆಯ ಮಾದರಿಗಳ ನಕಲು ಮಾಡುವ ಹುರುಪು ಹಬ್ಬಿದ್ದರಿಂದ, ಮನೆಗೆ ತಂದು, ಮೆತ್ತೆಯ ಚೌಕಟ್ಟನ್ನು ಎತ್ತಿಟ್ಟು, ಕುರ್ಚಿಯನ್ನು ಬೋರಲು ಹಾಕಿ ಟಾರ್ಚ್ ಹಿಡಿದು ನೋಡಿದ ಮೇಲೆಯೇ ಆ ಮಾತನ್ನು ಒಪ್ಪಿದೆ. ಪಟ್ಟಿಗಳ ಒಳಮೈಯಲ್ಲಿ ಗರಗಸದ ಗೆರೆಗಳು ನೇರವಾಗಿವೆ. ನಂತರದ ಕಾಲದ ಯಂತ್ರದ ದುಂಡು ಗರಗಸ ಬಿಡುವ ಬಾಗಿದ ಗೆರೆ ಒಂದೂ ಇಲ್ಲ.

ಇದರ ನಿಜವಾದ ಬಲ ಹಿಂಗಾಲಿನಲ್ಲಿದೆ. ಕೂರುವ ಚೌಕಟ್ಟಿನ ಪಕ್ಕದ ಪಟ್ಟಿಯ ತುದಿಯನ್ನು ನಾಲಿಗೆಯಂತೆ ತೆಳುಮಾಡಿ, ಕಾಲಿನಲ್ಲಿ ಕೊರೆದ ಕಂಡಿಯ ಮೂಲಕ ಆಚೆ ಬದಿಯವರೆಗೂ ತೂರಿಸುವುದು ಫಿಲಡೆಲ್ಫಿಯಾದ ಬಡಗಿಗಳ ರೂಢಿ. ಬಾಸ್ಟನ್ನಿನ ಎಷ್ಟೋ ಕುರ್ಚಿಗಳಲ್ಲಿ ಕಾಲುಗಳ ನಡುವೆ ಅಡ್ಡಕಡ್ಡಿಗಳಿರುತ್ತವೆ. ಇಲ್ಲಿ ಅವಿಲ್ಲದೆಯೂ ಕುರ್ಚಿ ಅಲುಗದಿರುವುದು ಈ ಸಂದಿನಿಂದಲೇ. ಹಿಂದೆ ಬೆರಳಾಡಿಸಿದರೆ ಆ ನಾಲಿಗೆಯ ತುದಿ ಕೂದಲೆಳೆಯಷ್ಟು ಹೊರಗೆ ತಗಲುತ್ತದೆ: ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕಾಲು ತೆಳುವಾಗಿದೆ, ನಾಲಿಗೆ ಇದ್ದಷ್ಟೇ ಇದೆ.

ಮುಂಗಾಲು ಮಂಡಿಯ ಬಳಿ ಉಬ್ಬಿ, ಕೆಳಗೆ ಒಳಬಾಗಿ, ಗುಂಡನ್ನು ಹಿಡಿದ ಹಕ್ಕಿಯ ಪಂಜದಲ್ಲಿ ಮುಗಿಯುತ್ತದೆ. ಲಂಡನ್ನಿನ ಥಾಮಸ್ ಚಿಪೆಂಡೇಲ್ 1754ರಲ್ಲಿ ಪ್ರಕಟಿಸಿದ ನಮೂನೆಗಳ ಪುಸ್ತಕದ ಕುರ್ಚಿಗಳಲ್ಲಿ ಈ ಪಂಜವೇ ಇಲ್ಲ. ಹೆಸರು ಮಾತ್ರ ಅವನದು, ಪಾದ ಅದಕ್ಕಿಂತ ಹಳೆಯ ಫ್ಯಾಷನ್ನಿನದು. ಅಂದು ಕೆರಿಬಿಯನ್ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಮಹಾಗನಿ ಎಷ್ಟು ಗಟ್ಟಿಯೆಂದರೆ ಆ ಉಗುರುಗಳ ಅಂಚು ಇಂದಿಗೂ ಕೈಗೆ ಚೂಪಾಗಿ ಸಿಗುತ್ತದೆ.

ದೌರ್ಬಲ್ಯವಿರುವುದು ಬೆನ್ನಿನಲ್ಲಿ. ಜಾಲರಿಯಂತೆ ಕೊರೆದ ನಡುಹಲಗೆಯಲ್ಲಿ ಮರದ ಎಳೆ ಅಲ್ಲಲ್ಲಿ ಅಡ್ಡಕ್ಕೆ ತುಂಡಾಗುತ್ತದೆ. ಒರಗಿ ಹಿಂದಕ್ಕೆ ಜೋಲಿ ಹೊಡೆಯುವವರಿಗೆ ಈ ಕುರ್ಚಿ ಕೂಡದು. ಮೂರನೆಯ ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಮೇಲ್ಪಟ್ಟಿಯ ಸಂದು ಬಿಟ್ಟಿತು. ರಿಪೇರಿಯವರೊಬ್ಬರು ಈಗಿನ ಬಿಳಿ ಗೋಂದನ್ನು ತುಂಬಿ ಕಳಿಸಿದರು. ಎರಡೇ ವರ್ಷಕ್ಕೆ ಅದು ಮತ್ತೆ ಬಾಯ್ಬಿಟ್ಟಿತು. ಮೂಲದಲ್ಲಿದ್ದುದು ಚರ್ಮ ಕುದಿಸಿ ತೆಗೆದ ಸರೇಸು, ಅದು ಬಿಸಿನೀರಿಗೆ ಸಡಿಲವಾಗುತ್ತದೆ, ಹೊಸದನ್ನು ಹಚ್ಚಿದರೆ ಹಳೆಯದರೊಂದಿಗೆ ಬೆರೆತು ಹಿಡಿಯುತ್ತದೆ. ಬಿಳಿ ಗೋಂದನ್ನು ಮಾತ್ರ ಕೆರೆದೇ ತೆಗೆಯಬೇಕಾಯಿತು, ಅದರೊಂದಿಗೆ ಒಂದಿಷ್ಟು ಹಳೆಯ ಮರವೂ ಹೋಯಿತು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಸರೇಸಿನಿಂದಲೇ ಮತ್ತೆ ಕೂಡಿಸಿದ ಮೇಲೆ, ಕೋಣೆಯಲ್ಲಿ ತೇವ ಉಳಿಸುವ ಯಂತ್ರವಿಟ್ಟ ಮೇಲೆ, ತೊಂದರೆಯಾಗಿಲ್ಲ.

ಊಟಕ್ಕೆ, ಬರವಣಿಗೆಗೆ ಕೂರಲು ಚೆನ್ನಾಗಿದೆ. ಅರ್ಧ ಗಂಟೆ ದಾಟಿದರೆ ನಡುಹಲಗೆ ಬೆನ್ನಿಗೆ ಒತ್ತುತ್ತದೆ.

ಮಾರಿದವರು ಹೇಳದ ಸಂಗತಿಯೊಂದಿದೆ. ಒಂದೇ ಸೆಟ್ಟಿನ ಕುರ್ಚಿಗಳ ಮೆತ್ತೆಗಳು ಅದಲುಬದಲಾಗದಿರಲೆಂದು ಬಡಗಿಗಳು ಉಳಿಯಿಂದ ರೋಮನ್ ಅಂಕಿ ಹೊಡೆಯುತ್ತಿದ್ದರು. ನನ್ನ ಕುರ್ಚಿಯ ಮುಂಪಟ್ಟಿಯ ಮೇಲಿರುವುದು ನಾಲ್ಕು, ಮೆತ್ತೆಯ ಚೌಕಟ್ಟಿನ ಮೇಲಿರುವುದು ಆರು. ಸಂಗ್ರಾಹಕರ ಲೆಕ್ಕದಲ್ಲಿ ಇದರಿಂದ ಬೆಲೆ ಇಳಿಯುತ್ತದೆ. ನನಗಿರುವ ತಾಪತ್ರಯ ಇಷ್ಟೇ: ಜುಲೈ ತಿಂಗಳ ಸೆಕೆಗೆ ಮರ ಉಬ್ಬಿದಾಗ ಆ ಆರನೆಯ ಮೆತ್ತೆ ಎಡ ಹಿಂಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ, ಸೆಪ್ಟೆಂಬರ್ ಮುಗಿಯುವವರೆಗೆ ಮೇಲೇಳುವುದಿಲ್ಲ.