ಲಾಗಿನ್ ಬೇಡ, ಓಟಿಪಿ ಬೇಡ: ಕರೆಂಟ್ ಬಿಲ್ಲಿನ ‘ಕ್ವಿಕ್ ಪೇ’ ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ವಿದ್ಯುತ್ ಕಂಪನಿಯ ವೆಬ್‌ಸೈಟಿನ ಒಂದು ಮೂಲೆಯಲ್ಲಿ ‘ಕ್ವಿಕ್ ಪೇ’ ಅಂತ ಒಂದು ಬಟನ್ ಇದೆ. ಈ ವಿಮರ್ಶೆ ಅಷ್ಟಕ್ಕೇ. ರಾಜ್ಯದಲ್ಲಿ ಎಸ್ಕಾಂಗಳು ಐದಿವೆ, ನನ್ನದು ಯಾವುದು ಅಂತ ಹೇಳುವುದಿಲ್ಲ. ಅವರ ಲೈನ್‌ಮನ್ ದಿನಾ ನಮ್ಮ ಬೀದಿಯಲ್ಲೇ ಓಡಾಡುತ್ತಾರೆ, ಅವರ ಜೊತೆ ಚೆನ್ನಾಗಿರುವುದು ನನಗೆ ಮುಖ್ಯ.

ಬಟನ್ ಒತ್ತಿ, ಬಿಲ್ಲಿನ ಮೇಲಿರುವ ಹತ್ತಂಕೆಯ ಖಾತೆ ಸಂಖ್ಯೆ ಹಾಕಿ, ದುಡ್ಡು ಕಟ್ಟಿ, ರಸೀದಿ ಇಳಿಸಿಕೊಳ್ಳಿ. ನೀವು ಯಾರು, ಈ ಮನೆಗೂ ನಿಮಗೂ ಏನು ಸಂಬಂಧ ಅಂತ ಯಾರೂ ಕೇಳುವುದಿಲ್ಲ. ಬಾಡಿಗೆ ಮನೆಯಲ್ಲಿರುವವರಿಗೆ ಇದರ ಬೆಲೆ ಗೊತ್ತಿರುತ್ತದೆ.

ನಾನು ನಾಲ್ಕು ವರ್ಷದಲ್ಲಿ ಮೂರು ಮನೆ ಬದಲಾಯಿಸಿದ್ದೇನೆ. ಮೂರರಲ್ಲೂ ಮೀಟರ್ ಇನ್ಯಾರದೋ ಹೆಸರಿನಲ್ಲಿತ್ತು. ಮೊದಲ ಮನೆಯದು ಓನರ್ ತಂದೆಯ ಹೆಸರಲ್ಲಿ, ಎರಡನೆಯದು ಮನೆ ಮಾರಿ ಹೋದವರ ಹೆಸರಲ್ಲಿ. ಈಗಿನದು ಓನರ್ ಅವರ ತೀರಿಹೋದ ಸೋದರಮಾವನ ಹೆಸರಲ್ಲಿದೆ. ಲಾಗಿನ್ ಮಾಡಿಕೊಳ್ಳೋಣ ಅಂದರೆ ಓಟಿಪಿ ಹೋಗುವುದು ಹಿಂದಿನ ಬಾಡಿಗೆದಾರರ ಫೋನಿಗೆ. ಒಂದು ಸಲ ಅವರಿಗೆ ಫೋನ್ ಮಾಡಿ ಓಟಿಪಿ ಕೇಳಿದೆ. ಸೈಬರ್ ಕಳ್ಳ ಅಂದುಕೊಂಡು ಚೆನ್ನಾಗಿ ಬೈದು ಇಟ್ಟರು. ತಪ್ಪು ಅವರದಲ್ಲ ಬಿಡಿ.

ಫೋನ್‌ಪೇ, ಗೂಗಲ್ ಪೇ ಇಲ್ವಾ ಅಂತ ಕೇಳುತ್ತೀರಿ. ಇವೆ. ಅವು ಬಿಬಿಪಿಎಸ್ ಅನ್ನುವ ದೇಶವ್ಯಾಪಿ ಬಿಲ್ ಪಾವತಿ ವ್ಯವಸ್ಥೆಯ ಮೂಲಕ ಬಿಲ್ಲು ತರುತ್ತವೆ, ಈಗ ಅದಕ್ಕೆ ಭಾರತ್ ಕನೆಕ್ಟ್ ಅಂತ ಹೆಸರಿಟ್ಟಿದ್ದಾರೆ. ಕೆಲಸ ಚೆನ್ನಾಗೇ ಆಗುತ್ತದೆ. ನನ್ನ ಜಗಳ ಬೇರೆ. ಒಂದು ಸಲ ಕಟ್ಟಿದರೆ ಸಾಕು, ಆ್ಯಪ್ ಆ ಸಂಖ್ಯೆಯನ್ನು ಹಿಡಿದುಕೊಂಡು ಬಿಡುತ್ತದೆ. ಬಿಟ್ಟು ಬಂದ ಮೊದಲನೇ ಮನೆಯ ಬಿಲ್ಲು ಎಷ್ಟು ಬಂತು ಅಂತ ಈಗಲೂ ತಿಂಗಳು ತಿಂಗಳು ನನಗೆ ಗೊತ್ತಾಗುತ್ತದೆ. ಅಲ್ಲಿಗೆ ಬಂದವರು ಗೀಸರ್ ಜಾಸ್ತಿ ಹಾಕುತ್ತಾರೆ. ಇದೆಲ್ಲ ನನಗೆ ಯಾಕೆ ಬೇಕು ಹೇಳಿ? ಆ ನೆನಪೋಲೆಯನ್ನು ಅಳಿಸಬಹುದಂತೆ. ಎಲ್ಲಿ ಅಂತ ಹುಡುಕುವಷ್ಟರಲ್ಲಿ ಇನ್ಶೂರೆನ್ಸ್, ಸಾಲ, ಚಿನ್ನದ ಜಾಹೀರಾತು ದಾಟಬೇಕು. ಕ್ವಿಕ್ ಪೇಗೆ ಈ ಅಂಟು ಇಲ್ಲ. ಕಟ್ಟಿದಿರಿ, ಮುಗಿಯಿತು.

ಇನ್ನೊಂದು ಕಾರಣ ಗೃಹಜ್ಯೋತಿ, ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ. 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ಲು ಶುರುವಾಯಿತಲ್ಲ, ಆಮೇಲೆ ನಾನು ಪ್ರತಿ ತಿಂಗಳು ಕಟ್ಟುವ ಗಿರಾಕಿಯೇ ಅಲ್ಲ. ಸರಾಸರಿಗಿಂತ ಸ್ವಲ್ಪ ಜಾಸ್ತಿ ಬಳಸಿದ ತಿಂಗಳು 84 ರೂಪಾಯಿ, 112 ರೂಪಾಯಿ ಅಂತ ಚಿಲ್ಲರೆ ಬಿಲ್ಲು ಬರುತ್ತದೆ. ಬೇಸಿಗೆಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆ ಮೇಲೆ. ಮನೆಯಿಂದಲೇ ಕೆಲಸ ಮಾಡುವವನು ನಾನು, ಎರಡು ಫ್ಯಾನು, ಒಂದು ಕಂಪ್ಯೂಟರ್ ಇಡೀ ದಿನ ಓಡುತ್ತವೆ. ಹಾಗಾಗಿ ವರ್ಷಕ್ಕೆ ನಾಲ್ಕೈದು ಸಲ ಕಟ್ಟುತ್ತೇನೆ. ಅದಕ್ಕಾಗಿ ಒಂದು ಆ್ಯಪ್, ಒಂದು ಪಾಸ್‌ವರ್ಡ್ ಸಾಕಿಕೊಳ್ಳುವವರು ಯಾರು?

ನಮ್ಮ ಮನೆಯಲ್ಲಿ ಬಿಲ್ಲು ಕಟ್ಟುವುದು ಭಾನುವಾರದ ಕೆಲಸ. ತಿಂಗಳ ಮೊದಲ ಹದಿನೈದು ದಿನದೊಳಗೆ ಯಾವತ್ತೋ ಮೀಟರ್ ರೀಡರ್ ಬಂದು, ಕೈಯಲ್ಲಿನ ಮಷೀನಿನಿಂದ ಚೀಟಿ ಹರಿದು, ಗೇಟಿನ ಸಂದಿಗೆ ಸಿಕ್ಕಿಸಿ ಹೋಗಿರುತ್ತಾರೆ. ನಾನು ಅದನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಅಂಟಿಸುತ್ತೇನೆ. ಭಾನುವಾರ ದೋಸೆ ಮುಗಿದು ಎರಡನೇ ಕಾಫಿ ಬರುವ ಹೊತ್ತಿಗೆ ಚೀಟಿ ಮೇಜಿಗೆ ಬರುತ್ತದೆ. ನನ್ನ ಹೆಂಡತಿ ಸಂಖ್ಯೆ ಓದುತ್ತಾಳೆ, ನಾನು ಒತ್ತುತ್ತೇನೆ. ಅವಳು ಎರಡೆರಡು ಅಂಕೆ ಸೇರಿಸಿ ಓದುತ್ತಾಳೆ, ನಲವತ್ತೇಳು, ಎಂಬತ್ತಾರು ಅಂತ, ಮದುವೆಮನೆಯಲ್ಲಿ ಮುಯ್ಯಿ ಬರೆಸುವ ಹಾಗೆ. ಕೊನೆಗೆ ನಾನು ತಿರುಗಿ ಓದಬೇಕು. ಅವಳು ‘ಹೂಂ’ ಅಂದ ಮೇಲೇ ಮುಂದಿನ ಬಟನ್. ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಹಿಡಿಯುತ್ತದೆ. ಆದರೂ ಸೆಕ್ಷನ್ ಆಫೀಸಿನ ಕ್ಯೂನಲ್ಲಿ ನಿಂತ ದಿನ ನೆನೆಸಿಕೊಂಡರೆ ಇದು ಸುಖವೇ. ಬಿಲ್ಲು ಕಟ್ಟಿಸಿಕೊಳ್ಳುವ ಎಟಿಪಿ ಮಷೀನಿಗೆ ನೋಟು ತುರುಕಿ, ಅದು ವಾಪಸ್ ಉಗುಳಿ, ನಾವು ಅದೇ ನೋಟನ್ನು ತೊಡೆಯ ಮೇಲೆ ತಿಕ್ಕಿ ಮತ್ತೆ ತುರುಕಿದ ಕಾಲವೂ ಇತ್ತು.

ಕ್ಯಾಪ್ಚಾ ಮಾತ್ರ ಕಿರಿಕಿರಿ. ಸೊನ್ನೆಯೋ ‘ಓ’ ಅಕ್ಷರವೋ ದೇವರಿಗೇ ಗೊತ್ತು. ಒಂದು ಸಲ ದುಡ್ಡು ಕಡಿತವಾಗಿ ರಸೀದಿ ಬರಲಿಲ್ಲ, ಮೂರನೇ ದಿನ ಖಾತೆಗೆ ವಾಪಸ್ ಬಂತು. ಇಷ್ಟೇ ಆಗಿದ್ದರೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ.

2024ರ ಮೇ ತಿಂಗಳು. ಆ ವರ್ಷದ ಸೆಕೆ ನೆನಪಿದೆಯಲ್ವಾ? ಹೆಂಡತಿ ತವರಿಗೆ ಹೋಗಿದ್ದಳು. ನಾನು ಚೀಟಿಯನ್ನು ಫ್ರಿಜ್ಜಿನ ಬದಲು ಗ್ಯಾಸ್ ಒಲೆಯ ಮೇಲಿನ ಗೂಡಿಗೆ ಸಿಕ್ಕಿಸಿದ್ದೆ, ಅಡುಗೆ ಮಾಡುವಾಗ ಕಣ್ಣಿಗೆ ಬೀಳಲಿ ಅಂತ. ಈ ಚೀಟಿಗಳಿಗೆ ಶಾಯಿ ಇರುವುದಿಲ್ಲ, ಬಿಸಿ ತಾಗಿದರೆ ಕಪ್ಪಾಗುವ ಕಾಗದ ಅದು. ವಾರದಲ್ಲಿ ಅರ್ಧ ಚೀಟಿ ಅನ್ನದ ಸೀಕಲಿನ ಬಣ್ಣಕ್ಕೆ ತಿರುಗಿತ್ತು. ಅಂಕೆಗಳನ್ನು ಬೆಳಕಿಗೆ ಹಿಡಿದು ಓದಿದೆ. ಒಂದು 3 ನನ್ನ ಕಣ್ಣಿಗೆ 8 ಆಯಿತು. ಬಿಲ್ಲು ಸಾವಿರದ ಆರೇಳು ನೂರು ಅಂತ ಮಾತ್ರ ನೆನಪಿತ್ತು. ಸ್ಕ್ರೀನಿನಲ್ಲಿ 1,648 ಅಂತ ಬಂತು. ಸರಿಯಾಗಿದೆ ಅಂದುಕೊಂಡು ಕಟ್ಟಿಬಿಟ್ಟೆ.

ಹೆಸರು ತೋರಿಸಲಿಲ್ವಾ? ತೋರಿಸಿತು. ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ, ಮೊತ್ತದ ಮೇಲೆ. ಆದರೆ ಮೂರು ಮನೆಯಲ್ಲೂ ಪರಿಚಯವಿಲ್ಲದ ಹೆಸರಿಗೇ ದುಡ್ಡು ಕಟ್ಟಿದವನು ನಾನು. ಅಲ್ಲಿ ಯಾರ ಹೆಸರು ಬಂದರೂ ನನಗೆ ಒಂದೇ. ಯಾವುದೋ ಸೋದರಮಾವ ಇರಬೇಕು ಅಂತ ಮುಂದೆ ಹೋಗುತ್ತೇನೆ. ಬಾಡಿಗೆದಾರರಿಗೆ ಇಷ್ಟು ಅನುಕೂಲ ಮಾಡಿಕೊಟ್ಟ ಬಟನ್ನು, ತಪ್ಪಾದಾಗ ಬಾಡಿಗೆದಾರನಿಗೇ ಗೊತ್ತಾಗದ ಹಾಗೆ ಇದೆ. ನನ್ನ ಸಿಟ್ಟೆಲ್ಲ ಇದೊಂದರ ಮೇಲೆ.

ಗೊತ್ತಾಗಿದ್ದು ಜೂನ್‌ನಲ್ಲಿ. ಬೆಳಿಗ್ಗೆ ಲೈನ್‌ಮನ್ ಬಂದು ಫ್ಯೂಸ್ ಕೀಳಲು ಕೈ ಹಾಕಿದ್ದರು. “ಹೋದ ತಿಂಗಳದ್ದು ಕಟ್ಟಿಲ್ಲ ಸರ್, ಲಿಸ್ಟಲ್ಲಿದೆ” ಅಂದರು. ನಾನು ಗತ್ತಿನಿಂದ ಫೋನ್ ತೆಗೆದು ರಸೀದಿ ತೋರಿಸಿದೆ. ಅವರು ರಸೀದಿ ನೋಡಿದರು, ಮೀಟರ್ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆದ ಆರ್‌ಆರ್ ನಂಬರ್, ಅಂದರೆ ಸಂಪರ್ಕದ ನಂಬರ್ ನೋಡಿದರು, ನನ್ನ ಮುಖ ನೋಡಿದರು. “ಇದು ನಿಮ್ದಲ್ಲ ಸರ್.”

ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು, ಆದರೆ ಕೈ ಎತ್ತಿದರು. ದುಡ್ಡು ಒಂದು ಬಿಲ್ಲಿಗೆ ಸರಿಯಾಗಿ ಜಮೆ ಆಗಿದೆ, ಆ ಬಿಲ್ಲು ಮುಗಿದಿದೆ, ವಾಪಸ್ ಪಡೆಯಬೇಕಾದರೆ ಅವರನ್ನೇ ಕೇಳಿ ಅಂದರು. ನನ್ನ 1,702 ರೂಪಾಯಿ ಬಾಕಿಯನ್ನು 17 ರೂಪಾಯಿ ಬಡ್ಡಿ ಸಮೇತ ಅಲ್ಲೇ ಕಟ್ಟಿ ಬಂದೆ. ಕ್ವಿಕ್ ಪೇಯಲ್ಲಿ ಅಲ್ಲ, ಕೌಂಟರಿನಲ್ಲೇ.

ಮನೆ ತೋರಿಸಿದ್ದು ಲೈನ್‌ಮನ್. ಮೂರನೇ ಕ್ರಾಸು, ಹಳದಿ ಗೇಟು. ಬಾಗಿಲು ತೆಗೆದವರು ಎಪ್ಪತ್ತು ದಾಟಿದ ಯಜಮಾನರು. ನಾನು ಫೋನ್ ಕೈಯಲ್ಲಿ ಹಿಡಿದು ಕಥೆ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದು “ಅಯ್ಯೋ, ಅದನ್ನ ನನ್ನ ಮಗ ಕಟ್ಟಿದಾನಪ್ಪಾ” ಅಂದರು. ಆಗಿದ್ದು ಇಷ್ಟು. ಅವರು ಮೇ ತಿಂಗಳು ಚೀಟಿ ಹಿಡಿದುಕೊಂಡು ಕಟ್ಟಲು ಹೋಗಿದ್ದಾರೆ. ಬಾಕಿ ಏನೂ ಇಲ್ಲ, ಯಾರೋ ಆನ್‌ಲೈನಿನಲ್ಲಿ ಕಟ್ಟಿದ್ದಾರೆ ಅಂತ ಕೌಂಟರಿನವರು ಹೇಳಿದ್ದಾರೆ. ಯಾರೋ ಅಂದರೆ ಪುಣೆಯಲ್ಲಿರುವ ಮಗನೇ ಇರಬೇಕು ಅಂತ ಇವರು ಸಂತೋಷಪಟ್ಟು ಫೋನ್ ಮಾಡಿದ್ದಾರೆ. ಹೇಳದೆ ಕೇಳದೆ ಕಟ್ಟಿದೆಯಲ್ಲೋ, ಈಗಲಾದರೂ ಜವಾಬ್ದಾರಿ ಬಂತು ಅಂತ ಹೊಗಳಿದ್ದಾರೆ.

“ಅವನೇನಂದ?” ಅಂತ ಕೇಳಿದೆ.

“ಇರಲಿ ಬಿಡಪ್ಪಾ, ಅದೇನು ಮಹಾ ಅಂದ.”

ನಾನು ರಸೀದಿಯನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಕೆಳಗೆ ನನ್ನ ಹೆಸರಿನ ಬ್ಯಾಂಕ್ ಖಾತೆ, ತಾರೀಖು, ಸಮಯ ಎಲ್ಲ ಇತ್ತು. ಕ್ವಿಕ್ ಪೇಯ ರಸೀದಿ ಮಾತ್ರ ಅಚ್ಚುಕಟ್ಟಾಗಿದೆ, ಅದನ್ನು ಒಪ್ಪಬೇಕು. ಅವರು ಒಳಗೆ ಹೋದರು. ಜಗಳಕ್ಕೆ ಏನು ಮಾತು ಬೇಕು ಅಂತ ನಾನು ಜಗುಲಿಯಲ್ಲಿ ಕೂತು ಜೋಡಿಸಿಕೊಳ್ಳುತ್ತಿದ್ದೆ. ಅವರು 1,648 ರೂಪಾಯಿಯನ್ನು, ಮೂರು ಒಂದು ರೂಪಾಯಿಯ ನಾಣ್ಯ ಮತ್ತು ಒಂದು ಐದರ ನಾಣ್ಯ ಸಮೇತ, ಎಣಿಸಿ ತಂದು ಕೈಗಿಟ್ಟರು. ಹಿಂದೆಯೇ ಮನೆಯವರು ಮಜ್ಜಿಗೆ ತಂದರು. ಮಗನಿಗೆ ಹೇಳುತ್ತೀರಾ ಅಂತ ನಾನು ಕೇಳಲಿಲ್ಲ, ಅವರೂ ಆ ಮಾತು ಎತ್ತಲಿಲ್ಲ.

ಇಷ್ಟು ಸಿಟ್ಟಿದ್ದವನು ಬಟನ್ ಬಿಟ್ಟೆನಾ ಅಂದರೆ, ಇಲ್ಲ. ಈಗಲೂ ಅದರಲ್ಲೇ ಕಟ್ಟುತ್ತೇನೆ. ಖಾತೆ ಸಂಖ್ಯೆಯನ್ನು ಪೆನ್ನಿನಲ್ಲಿ ಫ್ರಿಜ್ಜಿನ ಪಕ್ಕದ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ಪರದೆಯಲ್ಲಿ ಹೆಸರು ಬಿಟ್ಟು ಅದರ ಕೆಳಗಿನ ಆರ್‌ಆರ್ ನಂಬರನ್ನು ಓದುತ್ತೇನೆ. ಅದು ಮೀಟರ್ ಬೋರ್ಡಿನಲ್ಲೇ ಇರುವುದರಿಂದ ಯಾರ ಸೋದರಮಾವನನ್ನೂ ನೆನಪಿಟ್ಟುಕೊಳ್ಳುವ ತಾಪತ್ರಯ ಇಲ್ಲ. ಕಂಪನಿಯವರಿಗೆ ನನ್ನದು ಒಂದೇ ಬೇಡಿಕೆ. ಖಾತೆ ಸಂಖ್ಯೆಯ ಜೊತೆಗೆ ಈ ತಿಂಗಳ ಯೂನಿಟ್ ಎಷ್ಟು ಅಂತ ಒಂದು ಸಣ್ಣ ಪ್ರಶ್ನೆ ಕೇಳಲಿ. ಚೀಟಿ ಕೈಯಲ್ಲಿದ್ದವರಿಗೆ ಅದೇನು ಕಷ್ಟ ಅಲ್ಲ. ಅಂಕೆ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಅದು ಬರುವವರೆಗೆ ನನ್ನ ಲೆಕ್ಕದಲ್ಲಿ ಮೂರು ಸ್ಟಾರ್. ಸ್ವಂತ ಮನೆ ಇದ್ದು, ಮೀಟರ್ ನಿಮ್ಮ ಹೆಸರಲ್ಲೇ ಇದ್ದರೆ ನಾಲ್ಕು ಅಂದುಕೊಳ್ಳಿ. ಹೆಸರು ತಪ್ಪಿದರೆ ನಿಮಗೆ ತಕ್ಷಣ ಗೊತ್ತಾಗುತ್ತದಲ್ಲ.

ಹಳದಿ ಗೇಟಿನ ಯಜಮಾನರು ಈಗ ಬಿಲ್ಲು ಬಂದ ತಿಂಗಳು ಭಾನುವಾರ ಬೆಳಿಗ್ಗೆ ನಮ್ಮ ಮನೆಗೇ ಬರುತ್ತಾರೆ. ಚೀಟಿ ಒಂದು ಕೈಯಲ್ಲಿ, ದುಡ್ಡು ಇನ್ನೊಂದು ಕೈಯಲ್ಲಿ. “ನಮ್ಮ ನಂಬರ್ ನಿಮಗೆ ಹೇಗೂ ಗೊತ್ತಲ್ಲ” ಅಂತ ಮೊದಲ ಸಲ ಬಂದಾಗ ನಕ್ಕಿದ್ದರು. ಹೆಂಡತಿ ಅವರದ್ದನ್ನೂ ಎರಡೆರಡು ಅಂಕೆ ಸೇರಿಸಿ ಓದುತ್ತಾಳೆ. ಹೋದ ತಿಂಗಳು 96 ರೂಪಾಯಿ ಬಂದಿತ್ತು. ನೂರು ಕೊಟ್ಟು, ನಾಲ್ಕು ರೂಪಾಯಿ ವಾಪಸ್ ಇಸಿದುಕೊಂಡು ಹೋದರು.